ಮನೆ ಮಾರಲು ಏಜೆಂಟ್ ಹುಡುಕುತ್ತಿದ್ದೀರಾ? ಕೇಳಿ, ಹೇಳುತ್ತೇನೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು 18 ವರ್ಷ ಮನೆ ಮಾರಿಸುವ ಏಜೆಂಟ್ ಆಗಿದ್ದೆ. ಈಗ ಆ ಕೆಲಸ ಬಿಟ್ಟಿದ್ದೇನೆ, ಮಾರುವ ಮಾಲೀಕರಿಗೆ ಸಲಹೆ ಕೊಡುತ್ತೇನೆ. ಹಾಗಾಗಿ ಈ ಕಸುಬಿನ ಒಳಗುಟ್ಟು ಹೇಳಲು ನನಗೀಗ ಹೆದರಿಕೆಯಿಲ್ಲ. ಕಾನೂನು, ಕಮಿಷನ್ ದರ, ನೋಂದಣಿ ಪದ್ಧತಿ ಇವೆಲ್ಲ ಒಂದೊಂದು ಕಡೆ ಒಂದೊಂದು ಥರ. ಅದನ್ನು ನಿಮ್ಮಲ್ಲಿಯ ವಕೀಲರನ್ನೇ ಕೇಳಿ. ಏಜೆಂಟ್ ಎಂಥವರು ಅಂತ ಅಳೆಯುವ ಬಗೆ ಮಾತ್ರ ಎಲ್ಲೆಡೆ ಒಂದೇ. ಪ್ರಶ್ನೆ ಹಾಕಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಮೂವರು ಏಜೆಂಟರನ್ನು ಮನೆಗೆ ಕರೆಸಿದ್ದೆವು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಸಣ್ಣ ಅಂಕಿಯಲ್ಲಿ ಹೇಳುತ್ತೇನೆ. ಮೊದಲನೆಯವರು ಮನೆಗೆ 100 ಬರುತ್ತದೆ ಅಂದರು. ಎರಡನೆಯವರು 104 ಅಂದರು. ಮೂರನೆಯವರು 120 ಅಂದರು, ಅದೂ ಕಣ್ಣು ಮಿಟುಕಿಸದೆ. ಮನೆಯವರೆಲ್ಲ ಮೂರನೆಯವರಿಗೇ ಕೊಡೋಣ ಅಂತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಸುಮ್ನೆ ಅನುಮಾನ ಪಡುತ್ತಿದ್ದೇನಾ?

ಉತ್ತರ: ಇಲ್ಲ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬೆಲೆ ಹೇಳುವುದಕ್ಕೆ ಏಜೆಂಟಿಗೆ ಖರ್ಚಿಲ್ಲ. ಮನೆ ಕೊಳ್ಳುವುದು ಅವರಲ್ಲವಲ್ಲ! 120 ಅಂದರೆ ನೀವು ಖುಷಿಯಾಗಿ ಸಹಿ ಹಾಕುತ್ತೀರಿ. ಅವರಿಗೆ ಸದ್ಯಕ್ಕೆ ಬೇಕಿರುವುದು ಅದೇ. ಅಂಗೈಯಲ್ಲಿ ಅರಮನೆ ತೋರಿಸುವುದು ಅಂದರೆ ಇದೇ.

ನಾನೂ ಮೊದಲ ಎರಡು ವರ್ಷ ಇದನ್ನೇ ಮಾಡಿದ್ದೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆಫೀಸಿನ ಹಿರಿಯರು ಕಲಿಸಿದ್ದೇ ಹಾಗೆ: ಮೊದಲು ಸಹಿ, ಆಮೇಲೆ ಬೆಲೆ. ಸಹಿ ಬಿದ್ದ ಮೂರನೇ ವಾರಕ್ಕೆ ಫೋನ್ ಮಾಡಿ ‘ಮಾರ್ಕೆಟ್ ಸ್ವಲ್ಪ ಡಲ್ ಇದೆ’ ಅನ್ನುವುದು. ಐದನೇ ವಾರಕ್ಕೆ ‘ನೋಡಿದವರೆಲ್ಲ ಬೆಲೆ ಜಾಸ್ತಿ ಅಂತಾರೆ’ ಅನ್ನುವುದು. ಎರಡು ತಿಂಗಳಾಗುವಷ್ಟರಲ್ಲಿ ಮಾಲೀಕರೇ ಸೋತು ‘ಎಷ್ಟಕ್ಕಾದರೂ ಸರಿ, ಮುಗಿಸಿಬಿಡಿ’ ಅನ್ನುತ್ತಿದ್ದರು.

ಎರಡು ತಿಂಗಳು ಹೋದದ್ದಷ್ಟೇ ನಷ್ಟ ಅಂದುಕೊಳ್ಳಬೇಡಿ. ಹೊಸದಾಗಿ ಮಾರಾಟಕ್ಕೆ ಬಂದ ಮನೆಯನ್ನು ಜನ ಮೊದಲ ಎರಡು ಮೂರು ವಾರವೇ ಜಾಸ್ತಿ ನೋಡುವುದು. ಯಾಕೆಂದರೆ ಮನೆ ಹುಡುಕಿ ಹುಡುಕಿ ಕಾಯುತ್ತಿರುವವರು ಒಂದಷ್ಟು ಜನ ಯಾವಾಗಲೂ ಇರುತ್ತಾರೆ. ಇರುವ ಮನೆಗಳನ್ನೆಲ್ಲ ನೋಡಿ ಮುಗಿಸಿರುತ್ತಾರೆ. ಹೊಸದು ಕಂಡ ಕೂಡಲೇ ಮುಗಿಬೀಳುತ್ತಾರೆ. ಅವರು 120 ಅನ್ನುವ ಅಂಕಿ ನೋಡಿ ಮುಂದೆ ಹೋದರೆ, ನೀವು ಆಮೇಲೆ 100ಕ್ಕೆ ಇಳಿಸಿದ್ದು ಅವರಲ್ಲಿ ಅರ್ಧ ಜನರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದವರು ‘ಇಷ್ಟು ದಿನ ಯಾಕೆ ಹೋಗಿಲ್ಲ, ಏನೋ ಐಬು ಇರಬೇಕು’ ಅಂತ 92 ಕೇಳುತ್ತಾರೆ. ಮೊದಲೇ 104ಕ್ಕೆ ಇಟ್ಟಿದ್ದರೆ 100ರ ಆಸುಪಾಸಿಗೆ ಹೋಗುತ್ತಿದ್ದ ಮನೆ ಅದು.

ಮೂವರಿಗೂ ಒಂದೇ ಪ್ರಶ್ನೆ ಹಾಕಿ: ‘ಈ ಅಂಕಿ ಎಲ್ಲಿಂದ ಬಂತು, ತೋರಿಸಿ.’ ಕೆಲಸ ಗೊತ್ತಿರುವ ಏಜೆಂಟ್, ಕಳೆದ ಮೂರರಿಂದ ಆರು ತಿಂಗಳಲ್ಲಿ ನಿಮ್ಮ ಸುತ್ತಮುತ್ತ ಮಾರಾಟವಾದ ನಾಲ್ಕೈದು ಮನೆಗಳ ವಿವರ ಮುಂದಿಡುತ್ತಾರೆ. ಗಮನಿಸಿ, ಮಾರಾಟಕ್ಕಿರುವ ಮನೆಗಳಲ್ಲ, ಮಾರಾಟವಾಗಿ ಹೋದ ಮನೆಗಳು. ಜಾಹೀರಾತಿನಲ್ಲಿ ಇರುವುದು ಮಾಲೀಕರ ಆಸೆ. ಅದನ್ನು ನಂಬಿ ಬೆಲೆ ಕಟ್ಟಿದರೆ ಆಸೆಯ ಮೇಲೆ ಆಸೆ ಪೇರಿಸಿದ ಹಾಗೆ. ಆಮೇಲೆ ಒಂದೊಂದನ್ನೂ ನಿಮ್ಮ ಮನೆಗೆ ಹೋಲಿಸಿ, ‘ಅದಕ್ಕೆ ಒಂದು ಕೋಣೆ ಜಾಸ್ತಿ ಇತ್ತು, ಇಷ್ಟು ಕಳೆದೆ. ನಿಮ್ಮದಕ್ಕೆ ಎರಡು ಕಡೆಯಿಂದ ಬೆಳಕು ಬರುತ್ತದೆ, ಇಷ್ಟು ಸೇರಿಸಿದೆ’ ಅಂತ ಬಿಡಿಸಿ ಹೇಳುತ್ತಾರೆ. ನಿಮ್ಮ 120ರವರು ಇದನ್ನು ತೋರಿಸಿದರೆ ಸರಿ, ಅವರೇ ಆಗಲಿ. ‘ನಂಬಿ ಸಾರ್, ನನಗೆ ಏರಿಯಾ ಗೊತ್ತು’ ಅಂದರೆ ಬಾಗಿಲವರೆಗೆ ಹೋಗಿ ಬೀಳ್ಕೊಡಿ.

ಅದೇ ಸದಸ್ಯರು: ಅನುಭವ ಇದ್ದವರು ಮನೆ ನೋಡಿದ ಕೂಡಲೇ ಬೆಲೆ ಹೇಳಬಲ್ಲರು ಅಂತಾರಲ್ಲ? ನಾವು 115 ಅಂದುಕೊಂಡಿದ್ದೇವೆ ಅಂತ ಮೊದಲೇ ಹೇಳಿದ್ದೆ, ಅದೇನಾದರೂ ತಪ್ಪಾಯಿತಾ?

ಉತ್ತರ: ಅಯ್ಯೋ, ಅದನ್ನು ಹೇಳಬಾರದಿತ್ತು. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್ ನಗರದಲ್ಲಿ ಮಾಡಿದ ಒಂದು ಪ್ರಯೋಗ ಇದೆ. ಏಜೆಂಟರನ್ನು ನಿಜವಾದ ಮನೆಗೇ ಕರೆದುಕೊಂಡು ಹೋದರು. ಮನೆಯ ವಿವರಗಳ ಕಡತ ಕೊಟ್ಟರು. ಎಲ್ಲರಿಗೂ ಒಂದೇ ಕಡತ, ಅದರಲ್ಲಿ ಬರೆದಿದ್ದ ‘ಮಾಲೀಕರು ಕೇಳುತ್ತಿರುವ ಬೆಲೆ’ ಮಾತ್ರ ಬೇರೆ ಬೇರೆ. ಜಾಸ್ತಿ ಬೆಲೆ ಓದಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು, ಕಡಿಮೆ ಓದಿದವರು ಕಡಿಮೆ ಕಟ್ಟಿದರು. ಯಾವುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿರಿ ಅಂತ ಕೇಳಿದಾಗ ಹೆಚ್ಚಿನವರು ಆ ಅಂಕಿಯ ಮಾತೇ ಎತ್ತಲಿಲ್ಲ. ಅಂದರೆ ಮೋಸ ಮಾಡಬೇಕು ಅಂತೇನಲ್ಲ. ಕಿವಿಗೆ ಬಿದ್ದ ಅಂಕಿ ತಲೆಯೊಳಗೆ ಕೂತುಬಿಡುತ್ತದೆ, ಅನುಭವ ಇದ್ದವರಿಗೂ.

ಹಾಗಾಗಿ ಏಜೆಂಟ್ ತಮ್ಮ ಅಂಕಿ ಹೇಳುವವರೆಗೆ ನಿಮ್ಮದನ್ನು ಬಾಯಿ ಬಿಡಬೇಡಿ. ‘ನಿಮ್ಮ ಎಕ್ಸ್‌ಪೆಕ್ಟೇಷನ್ ಏನು’ ಅಂತ ಖಂಡಿತ ಕೇಳುತ್ತಾರೆ. ‘ನೀವು ನೋಡಿ ಹೇಳಿ, ಆಮೇಲೆ ಮಾತಾಡೋಣ’ ಅನ್ನಿ. ಈಗ ಆದದ್ದು ಆಯಿತು. ಇನ್ನಿಬ್ಬರನ್ನು ಕರೆಸಿ, ಈ ಸಲ ಸುಮ್ಮನಿರಿ.

ಪ್ರಶ್ನೆ: ಒಬ್ಬರು 1% ಕಮಿಷನ್ ಕೇಳುತ್ತಾರೆ, ಇನ್ನೊಬ್ಬರು 2%. ಕೆಲಸ ಒಂದೇ ತಾನೇ? ಜಾಸ್ತಿ ಯಾಕೆ ಕೊಡಬೇಕು?

ಉತ್ತರ: ಕೆಲಸ ಒಂದೇ ಆಗಿದ್ದರೆ ಕೊಡಬೇಕಿಲ್ಲ. ಮೊದಲು ಲೆಕ್ಕ ನೋಡಿ. 1%ನವರು ನಿಮ್ಮ ಮನೆಯನ್ನು 95ಕ್ಕೆ ಮಾರಿಸಿದರೆ ನಿಮ್ಮ ಕೈಗೆ 94.05. 2%ನವರು 98ಕ್ಕೆ ಮಾರಿಸಿದರೆ ಕೈಗೆ 96.04. ಕಮಿಷನ್‌ನಲ್ಲಿ ಉಳಿಸಿದ್ದು ಬೆಲೆಯಲ್ಲಿ ಹೋಯಿತು. ಹಾಗಂತ ಜಾಸ್ತಿ ಕೇಳುವವರೆಲ್ಲ ಜಾಸ್ತಿ ತಂದುಕೊಡುತ್ತಾರೆ ಅಂತಲ್ಲ. 2% ತೆಗೆದುಕೊಂಡು ಎರಡು ಫೋಟೋ ಹಾಕಿ ಕೂರುವವರನ್ನೂ ಬೇಕಾದಷ್ಟು ನೋಡಿದ್ದೇನೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕ ಇದೆ. ನನ್ನ ಪ್ರಕಾರ ಏಜೆಂಟ್ ಆರಿಸುವ ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಕಮಿಷನ್ 2% ಅಂದುಕೊಳ್ಳಿ. ಒಬ್ಬರು 97 ಕೊಡುತ್ತೇನೆ ಅಂತ ಮುಂದೆ ಬಂದಿದ್ದಾರೆ. ಇನ್ನೆರಡು ವಾರ ಕಾದು, ನಾಲ್ಕು ಜನಕ್ಕೆ ತೋರಿಸಿ, ಜಗ್ಗಾಡಿದರೆ 100 ಬರಬಹುದು. ಆ 3ರಲ್ಲಿ ನಿಮಗೆ ಸಿಗುವುದು 2.94. ಏಜೆಂಟಿಗೆ ಸಿಗುವುದು 0.06. ಈಗ ಹೇಳಿ, 0.06ಕ್ಕಾಗಿ ಎರಡು ವಾರ ಓಡಾಡುವವರು ಯಾರು? ‘97 ಒಳ್ಳೇ ಆಫರ್ ಸಾರ್, ಬಿಡಬೇಡಿ’ ಅನ್ನುವುದೇ ಅವರಿಗೆ ಲಾಭ. ಅವರು ಕೆಟ್ಟವರೇನಲ್ಲ, ಲೆಕ್ಕ ಹಾಗಿದೆ.

ಇದು ಬರೀ ನನ್ನ ಮಾತಲ್ಲ. ಸ್ಟೀವನ್ ಲೆವಿಟ್, ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಕೆದಕಿ ನೋಡಿ 2008ರಲ್ಲಿ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ, ಅಂಥದ್ದೇ ಬೇರೆಯವರ ಮನೆಗಿಂತ ಸರಾಸರಿ 9.5 ದಿನ ಜಾಸ್ತಿ ಕಾದಿದ್ದರು. ಬೆಲೆಯೂ 3.7% ಜಾಸ್ತಿ ಪಡೆದಿದ್ದರು. ನಿಮ್ಮ ಮನೆಗೆ ‘ಬಿಡಬೇಡಿ’, ತಮ್ಮ ಮನೆಗೆ ‘ಇರಲಿ, ಕಾಯೋಣ’.

ಹಾಗಾದರೆ ಏನು ಮಾಡುವುದು? ಆ ಕೊನೆಯ 3ಕ್ಕಾಗಿಯೂ ಜಗ್ಗಾಡುವ ಸ್ವಭಾವ ಇರುವವರನ್ನು ಹುಡುಕಬೇಕು. ಅದನ್ನು ಪರೀಕ್ಷಿಸಲು ನನ್ನದೊಂದು ಹಳೇ ಉಪಾಯ: ಕಮಿಷನ್ ಕಡಿಮೆ ಮಾಡಿ ಅಂತ ಕೇಳಿ. ಕೇಳಿದ ಅರ್ಧ ನಿಮಿಷಕ್ಕೆ ಅರ್ಧಕ್ಕೆ ಇಳಿದರೆ ಯೋಚಿಸಿ. ತಮ್ಮ ದುಡ್ಡನ್ನೇ ಹೀಗೆ ಬಿಟ್ಟುಕೊಡುವವರು ನಿಮ್ಮ ದುಡ್ಡನ್ನು ಕೊಳ್ಳುವವರ ಮುಂದೆ ಎಷ್ಟು ಹೊತ್ತು ಹಿಡಿದಿಡುತ್ತಾರೆ? ‘ಯಾಕೆ ಕಡಿಮೆ ಮಾಡಬೇಕು, ಇಗೋ ನಾನು ಮಾಡುವ ಕೆಲಸ’ ಅಂತ ನಗುನಗುತ್ತಾ ಒಂದೊಂದೇ ಎಣಿಸಿ, ಕೊನೆಗೆ ಸ್ವಲ್ಪ ಮಾತ್ರ ಇಳಿದರೆ ಅವರನ್ನು ಗುರುತು ಹಾಕಿಕೊಳ್ಳಿ.

ಇನ್ನೊಂದು ದಾರಿ ಮೆಟ್ಟಿಲು ಕಮಿಷನ್. 97ರವರೆಗೆ ಮಾಮೂಲಿ ದರ, ಅದಕ್ಕಿಂತ ಮೇಲೆ ಬಂದದ್ದರಲ್ಲಿ 10%. ಆಗ ಆ 3ಕ್ಕೆ ಏಜೆಂಟಿಗೂ 0.3 ಸಿಗುತ್ತದೆ, ಮೊದಲಿನದರ ಐದು ಪಟ್ಟು. ಆದರೆ ಆ 97 ಅನ್ನುವ ಗೆರೆ ಎಲ್ಲಿ ಎಳೆಯಬೇಕು ಅಂತ ನೀವೇ ನಿರ್ಧರಿಸಿ. ಗೆರೆಯನ್ನು ಅವರ ಕೈಗೆ ಕೊಟ್ಟರೆ 85ಕ್ಕೆ ಎಳೆಯುತ್ತಾರೆ. ‘ನಿಮಗೆ 90 ಕೊಡುತ್ತೇನೆ, ಮೇಲೆ ಬಂದದ್ದೆಲ್ಲ ನನಗೆ’ ಅನ್ನುವ ವ್ಯವಹಾರಕ್ಕಂತೂ ಹೋಗಲೇಬೇಡಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಇದಕ್ಕೆ ನಿಷೇಧವೇ ಇದೆ.

ಪ್ರಶ್ನೆ: ಕೊಳ್ಳುವವರ ಏಜೆಂಟಿಗೂ ನಾವೇ ಕೊಡಬೇಕಾ?

ಉತ್ತರ: ಇದು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಬಹಳ ಕಾಲ ಮಾರುವವರೇ ಎರಡೂ ಕಡೆಯವರಿಗೆ ಕೊಡುವ ರೂಢಿ ಇತ್ತು. ಒಂದು ದೊಡ್ಡ ಮೊಕದ್ದಮೆಯ ರಾಜಿಯ ನಂತರ 2024ರ ಆಗಸ್ಟ್‌ನಿಂದ ಅಲ್ಲಿನ ನಿಯಮ ಬದಲಾಯಿತು. ಈಗ ಕೊಳ್ಳುವವರು ತಮ್ಮ ಏಜೆಂಟಿನ ಜೊತೆ ಮೊದಲೇ ಬರೆದು ಒಪ್ಪಂದ ಮಾಡಿಕೊಳ್ಳಬೇಕು. ಜರ್ಮನಿಯಲ್ಲಿ 2020ರ ಡಿಸೆಂಬರ್‌ನಿಂದ, ಮಾರುವವರು ಕರೆಸಿದ ಏಜೆಂಟಿನ ಕಮಿಷನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಕೊಳ್ಳುವವರ ತಲೆಗೆ ಕಟ್ಟುವಂತಿಲ್ಲ. ನಿಮ್ಮಲ್ಲಿ ಏನೇ ಇರಲಿ, ಯಾರು ಯಾರಿಗೆ ಎಷ್ಟು ಕೊಡುತ್ತಾರೆ ಅನ್ನುವುದು ಸಹಿಗೆ ಮೊದಲೇ ಕಾಗದದಲ್ಲಿರಲಿ.

ಪ್ರಶ್ನೆ: ಒಬ್ಬರಿಗೇ ಕೊಡುವುದಾ, ನಾಲ್ಕು ಜನಕ್ಕೆ ಹೇಳಿಡುವುದಾ? ನಾಲ್ಕು ಜನ ಓಡಾಡಿದರೆ ಬೇಗ ಹೋಗುತ್ತದೆ ಅಲ್ವಾ?

ಉತ್ತರ: ಕೇಳಲು ಸರಿ ಅನ್ನಿಸುತ್ತದೆ. ನಡೆಯುವುದು ಬೇರೆ. ಒಂದೇ ಮನೆ, ನಾಲ್ಕು ಜಾಹೀರಾತು, ನಾಲ್ಕು ಬೆಲೆ. ಒಬ್ಬರ ಫೋಟೋದಲ್ಲಿ ಹಗಲು, ಇನ್ನೊಬ್ಬರದರಲ್ಲಿ ಕತ್ತಲು, ಮತ್ತೊಬ್ಬರದರಲ್ಲಿ ಒಣಗಹಾಕಿದ ಬಟ್ಟೆ. ಕೊಳ್ಳುವವರು ನೋಡಿ ಎರಡು ವಿಷಯ ಅಂದುಕೊಳ್ಳುತ್ತಾರೆ. ಒಂದು, ಇವರಿಗೆ ಮಾರಲು ಬಹಳ ಅವಸರ ಇದೆ. ಎರಡು, ನಾಲ್ಕರಲ್ಲಿ ಕಡಿಮೆ ಯಾವುದೋ ಅಲ್ಲಿಂದ ಚೌಕಾಸಿ ಶುರು ಮಾಡೋಣ. ಇತ್ತ ಏಜೆಂಟರ ಕಡೆಯಿಂದ ನೋಡಿ: ತಾವು ಫೋಟೋಗ್ರಾಫರ್ ಕರೆಸಿ ಖರ್ಚು ಮಾಡಿದರೆ, ನಾಳೆ ಇನ್ನೊಬ್ಬರು ಮಾರಿಸಿ ಕಮಿಷನ್ ಹೊತ್ತೊಯ್ಯಬಹುದು. ಹಾಗಾಗಿ ಯಾರೂ ಖರ್ಚು ಮಾಡುವುದಿಲ್ಲ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ.

ನಾನು ಹೇಳುವುದು: ಒಬ್ಬರಿಗೆ ಕೊಡಿ, ಕಡಿಮೆ ಅವಧಿಗೆ ಕೊಡಿ. ತುಂಬಾ ಅಪರೂಪದ ಆಸ್ತಿ, ಕೊಳ್ಳುವವರೇ ಸಿಗದ ಜಾಗ ಆದರೆ ಹೆಚ್ಚು ಜನಕ್ಕೆ ಹೇಳುವುದರಲ್ಲಿ ಅರ್ಥ ಇದೆ. ಮಾಮೂಲಿ ಮನೆಗೆ ಬೇಡ.

ಪ್ರಶ್ನೆ: ‘ನನ್ನ ಹತ್ತಿರ ಪಾರ್ಟಿ ರೆಡಿ ಇದೆ, ಸಹಿ ಹಾಕಿದರೆ ನಾಳೆಯೇ ಕರೆತರುತ್ತೇನೆ’ ಅಂತ ಒಬ್ಬರು ದಿನಾ ಫೋನ್ ಮಾಡುತ್ತಾರೆ. ನಂಬಬಹುದಾ?

ಉತ್ತರ: ಹೀಗನ್ನಿ: ‘ಬಹಳ ಸಂತೋಷ. ಆ ಪಾರ್ಟಿಯ ಹೆಸರಿಗೆ ಮಾತ್ರ, ಒಂದು ವಾರಕ್ಕೆ ಮಾತ್ರ ಕಾಗದ ಬರೆಯೋಣ. ಅವರು ಕೊಂಡರೆ ನಿಮ್ಮ ಪೂರ್ತಿ ಕಮಿಷನ್ ನಿಮ್ಮದು.’ ಪಾರ್ಟಿ ನಿಜವಾಗಿ ಇದ್ದರೆ ಮರುದಿನವೇ ಬರುತ್ತಾರೆ. ಇಲ್ಲದಿದ್ದರೆ ಆ ಪಾರ್ಟಿಗೆ ಇದ್ದಕ್ಕಿದ್ದಂತೆ ಊರು ಬಿಟ್ಟು ಹೋಗುವ ಕೆಲಸ ಬಂದಿರುತ್ತದೆ.

ಪ್ರಶ್ನೆ: ಒಪ್ಪಂದದ ಕಾಗದ ಕೊಟ್ಟಿದ್ದಾರೆ. ಸಣ್ಣ ಅಕ್ಷರದಲ್ಲಿ ಆರು ಪುಟ ಇದೆ. ಯಾವುದನ್ನು ಓದಲೇಬೇಕು?

ಉತ್ತರ: ಆರೂ ಪುಟ ಓದಿ. ಆದರೆ ಕೆಲವು ಸಾಲುಗಳ ಮೇಲೆ ಬೆರಳಿಟ್ಟು ಓದಿ.

ಮೊದಲು ಅವಧಿ. ಆರು ತಿಂಗಳು ಅಂತ ಮೊದಲೇ ಅಚ್ಚು ಹಾಕಿಸಿರುತ್ತಾರೆ. ಅದನ್ನು ಹೊಡೆದು ಮೂರು ತಿಂಗಳು ಅಂತ ಬರೆಸಿ. ಕೆಲಸ ಚೆನ್ನಾಗಿದ್ದರೆ ಮುಂದುವರಿಸಲು ಒಂದು ಸಾಲು ಸಾಕು. ‘ಯಾರೂ ಬೇಡ ಅನ್ನದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ’ ಅನ್ನುವ ಸಾಲು ಕಂಡರೆ ತೆಗೆಸಿಬಿಡಿ.

ಆಮೇಲೆ, ‘ಏಕೈಕ ಏಜೆಂಟ್’ ಅನ್ನುವುದಕ್ಕೂ ‘ಮಾರಾಟದ ಏಕೈಕ ಹಕ್ಕು’ ಅನ್ನುವುದಕ್ಕೂ ಇರುವ ವ್ಯತ್ಯಾಸ. ಓದಲು ಒಂದೇ ಥರ ಕಾಣುತ್ತದೆ. ಮೊದಲನೆಯದರಲ್ಲಿ, ನಿಮ್ಮ ಸ್ನೇಹಿತರೊಬ್ಬರು ನೇರವಾಗಿ ಬಂದು ಮನೆ ಕೊಂಡರೆ ಸಾಮಾನ್ಯವಾಗಿ ಕಮಿಷನ್ ಇಲ್ಲ. ಎರಡನೆಯದರಲ್ಲಿ ಯಾರೇ ಕೊಳ್ಳಲಿ, ನಿಮ್ಮ ಅಣ್ಣನೇ ಕೊಳ್ಳಲಿ, ಕಮಿಷನ್ ಕೊಡಬೇಕು. ಈಗಾಗಲೇ ಆಸೆ ತೋರಿಸಿರುವ ಪರಿಚಯದವರು ಇದ್ದರೆ ಅವರ ಹೆಸರು ಬರೆದು ‘ಇವರಿಗೆ ಅನ್ವಯಿಸುವುದಿಲ್ಲ’ ಅಂತ ಸೇರಿಸಿ.

ಜನ ಸಿಕ್ಕಿಬೀಳುವುದು ಬಾಲದಲ್ಲಿ. ಒಪ್ಪಂದ ಮುಗಿದ ಮೇಲೂ ಇಷ್ಟು ತಿಂಗಳೊಳಗೆ ಏಜೆಂಟ್ ತೋರಿಸಿದ್ದ ಯಾರಾದರೂ ಕೊಂಡರೆ ಕಮಿಷನ್ ಸಲ್ಲುತ್ತದೆ ಅನ್ನುವ ಷರತ್ತಿಗೆ ನಾವು ಬಾಲ ಅನ್ನುತ್ತಿದ್ದೆವು. ಷರತ್ತು ಅನ್ಯಾಯವೇನಲ್ಲ. ಏಜೆಂಟ್ ತೋರಿಸಿದ ಪಾರ್ಟಿ ಜೊತೆ ಸೇರಿಕೊಂಡು, ಒಪ್ಪಂದ ಮುಗಿಯಲಿ ಅಂತ ಕಾದು ಕಮಿಷನ್ ನುಂಗುವ ಮಾಲೀಕರನ್ನೂ ನಾನು ಕಂಡಿದ್ದೇನೆ. ಆದರೆ ಬಾಲಕ್ಕೆ ಅಳತೆ ಇರಬೇಕು. ಎರಡು ಅಥವಾ ಮೂರು ತಿಂಗಳು ಸಾಕು. ಒಪ್ಪಂದ ಮುಗಿದ ವಾರದೊಳಗೆ ಏಜೆಂಟ್ ತಾವು ತೋರಿಸಿದವರ ಪಟ್ಟಿ ಬರೆದು ಕೊಡಬೇಕು, ಪಟ್ಟಿಯಲ್ಲಿ ಇಲ್ಲದವರಿಗೆ ಹಕ್ಕು ಇಲ್ಲ ಅಂತ ಸೇರಿಸಿ. ಈ ಒಂದು ಸಾಲು ಇಲ್ಲದೆ ನನ್ನ ಹತ್ತಿರ ಬಂದ ದಂಪತಿಯೊಬ್ಬರು ಇಬ್ಬರು ಏಜೆಂಟರಿಗೆ ಎರಡು ಪೂರ್ತಿ ಕಮಿಷನ್ ಕಟ್ಟಿದ್ದರು, ಒಂದೇ ಮನೆಗೆ.

ಕಮಿಷನ್ ಯಾವಾಗ ಕೊಡಬೇಕು ಅನ್ನುವುದನ್ನೂ ನೋಡಿ. ‘ಕೊಳ್ಳುವವರು ಸಿಕ್ಕ ಕೂಡಲೇ’ ಅಂತಿದ್ದರೆ, ವ್ಯವಹಾರ ಮುರಿದುಬಿದ್ದರೂ ನೀವು ಕೊಡಬೇಕಾಗಬಹುದು. ಪೂರ್ತಿ ಹಣ ಬಂದು ಮನೆ ಕೈ ಬದಲಾದ ದಿನ ಅಂತ ಇರಲಿ. ಜಾಹೀರಾತು, ಫೋಟೋ ಖರ್ಚು ಯಾರದ್ದು ಅಂತಲೂ ಬರೆಸಿ.

ಕಾಗದದ ವಿಷಯದಲ್ಲೇ ಇನ್ನೊಂದು ಮಾತು. ಮುಂಗಡ ಹಣ ಏಜೆಂಟಿನ ಸ್ವಂತ ಖಾತೆಗೆ ಹೋಗಬಾರದು. ಮೂಲ ದಾಖಲೆಗಳು ಅವರ ಬ್ಯಾಗಿಗೆ ಹೋಗಬಾರದು, ಪ್ರತಿ ಕೊಡಿ ಸಾಕು. ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರವನ್ನು ಏಜೆಂಟಿಗೆ ಯಾವ ಕಾರಣಕ್ಕೂ ಬರೆದುಕೊಡಬೇಡಿ, ‘ನಿಮಗೆ ಓಡಾಟ ತಪ್ಪುತ್ತೆ’ ಅಂತ ಎಷ್ಟೇ ಪ್ರೀತಿಯಿಂದ ಹೇಳಿದರೂ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಆಗುವುದು ಇಲ್ಲೇ.

ಪ್ರಶ್ನೆ: ನನ್ನ ಸೋದರಮಾವನ ಮಗ ಹೊಸದಾಗಿ ಏಜೆಂಟ್ ಆಗಿದ್ದಾನೆ. ಅವನಿಗೆ ಕೊಡದಿದ್ದರೆ ಮನೆಯಲ್ಲಿ ಬೇಸರ.

ಉತ್ತರ: ಕೊಟ್ಟರೆ ಆಮೇಲೆ ಬೇಸರ. ನಿಮ್ಮ ಸಾಲ ಎಷ್ಟಿದೆ, ಮನೆ ಎಷ್ಟಕ್ಕೆ ಹೋಯಿತು ಅನ್ನುವುದೆಲ್ಲ ನೆಂಟರ ಬಳಗದಲ್ಲಿ ಹಬ್ಬುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಕೆಲಸ ಮಾಡದಿದ್ದರೆ ತೆಗೆದುಹಾಕಲು ಆಗುವುದಿಲ್ಲ. ಒಂದು ನಯವಾದ ದಾರಿ: ಅವನನ್ನೂ ಉಳಿದವರ ಸಾಲಿನಲ್ಲೇ ಕೂರಿಸಿ, ಅದೇ ಪ್ರಶ್ನೆ ಕೇಳಿ. ಗೆದ್ದರೆ ಕೊಡಿ. ಇಲ್ಲದಿದ್ದರೆ ‘ಬೇರೆಯವರು ಇಷ್ಟು ಮಾಡುತ್ತಾರೆ, ನೀನು ಮಾಡುತ್ತೀಯಾ’ ಅಂತ ಕೇಳಿದಾಗ ಅವನೇ ಹಿಂದೆ ಸರಿಯುತ್ತಾನೆ.

ಪ್ರಶ್ನೆ: ಎಷ್ಟಕ್ಕೆ ಕೊನೆಗೆ ಬಿಡುತ್ತೇವೆ ಅಂತ ನಮ್ಮ ಏಜೆಂಟಿಗೆ ಹೇಳಬಹುದಾ? ವೈದ್ಯರ ಹತ್ತಿರ ಮುಚ್ಚಿಡಬಾರದು ಅನ್ನುವ ಹಾಗೆ ಇದೂ ಅಲ್ವಾ?

ಉತ್ತರ: ನನ್ನ ಜೊತೆ ಕೆಲಸ ಮಾಡಿದ ಕೆಲವರು ಹೇಳಬೇಕು ಅಂತಲೇ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ವೈದ್ಯರಿಗೆ ನಿಮ್ಮ ಜ್ವರ ಜಾಸ್ತಿ ಆದರೆ ಕಮಿಷನ್ ಬೇಗ ಬರುವುದಿಲ್ಲ. 94ಕ್ಕೂ ಬಿಡುತ್ತೇವೆ ಅಂತ ಬಾಯಿ ಬಿಟ್ಟರೆ 94 ಕೊಡುವವರೇ ಸಿಗುತ್ತಾರೆ, ನೋಡುತ್ತಿರಿ. ಕೇಳಿದಾಗ ‘ಬಂದ ಆಫರ್ ಎಲ್ಲ ಕಾಗದದಲ್ಲಿ ತನ್ನಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ’ ಅನ್ನಿ. ಅವಸರದ ಕಾರಣವೂ ಗುಟ್ಟಾಗಿರಲಿ. ಒಮ್ಮೆ ಮನೆ ತೋರಿಸುತ್ತಿದ್ದಾಗ, ಮಾಲೀಕರು ಬಾಗಿಲಲ್ಲೇ ನಿಂತು ‘ತಿಂಗಳ ಕೊನೆಗೆ ನಾವು ಹೋಗಲೇಬೇಕು, ಮಕ್ಕಳ ಸ್ಕೂಲ್ ಶುರು’ ಅಂದರು. ಸೌಜನ್ಯಕ್ಕೆ ಅಂದದ್ದು. ನೋಡಲು ಬಂದವರು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ಆ ನೋಟಕ್ಕೆ ಆದ ನಷ್ಟ ನನ್ನ ಒಂದು ವರ್ಷದ ಕಮಿಷನ್‌ಗಿಂತ ಜಾಸ್ತಿ ಇತ್ತು. ಅದಾದ ಮೇಲೆ ಮನೆ ತೋರಿಸುವ ಹೊತ್ತಿಗೆ ಮಾಲೀಕರನ್ನು ವಾಕಿಂಗ್ ಕಳಿಸುತ್ತಿದ್ದೆ.

ಅದೇ ಏಜೆಂಟ್ ಕೊಳ್ಳುವವರ ಪರವಾಗಿಯೂ ನಿಂತಿದ್ದರಂತೂ ಬಾಯಿಗೆ ಬೀಗ. ನಿಮಗೆ ಜಾಸ್ತಿ ಬೇಕು, ಅವರಿಗೆ ಕಡಿಮೆ ಆಗಬೇಕು. ಇಬ್ಬರಿಗೂ ಜಗ್ಗಾಡಲು ಒಬ್ಬರಿಂದ ಆಗುವುದಿಲ್ಲ. ಕೆಲವು ಕಡೆ ಕಾನೂನೇ ಇದನ್ನು ತಡೆಯುತ್ತದೆ. ತಡೆಯದ ಕಡೆ, ಎರಡೂ ಕಡೆಯಿಂದ ಹಣ ಪಡೆಯುತ್ತೀರಾ ಅಂತ ನೇರವಾಗಿ ಕೇಳಿ. ಹೌದಾದರೆ ನಿಮ್ಮ ಕಡೆಯ ದರ ಕಡಿಮೆ ಮಾಡಿಸಿ.

ಪ್ರಶ್ನೆ: ಮೊದಲ ಭೇಟಿಯಲ್ಲೇ ಒಳ್ಳೆಯ ಏಜೆಂಟ್ ಅಂತ ಗೊತ್ತಾಗುತ್ತದಾ? ಎಲ್ಲರೂ ಬಣ್ಣ ಬಣ್ಣದ ಮಾತೇ ಆಡುತ್ತಾರೆ.

ಉತ್ತರ: ಮಾತು ಬಿಡಿ, ಕಾಲು ಎಲ್ಲಿ ಹೋಗುತ್ತದೆ ನೋಡಿ. ಕೆಲವರು ಸೋಫಾದಲ್ಲಿ ಕೂತು, ಬಣ್ಣದ ಫೋಲ್ಡರ್ ತೆಗೆದು, ತಮ್ಮ ಪ್ರಶಸ್ತಿಗಳನ್ನು ತೋರಿಸಿ, ಹತ್ತು ನಿಮಿಷಕ್ಕೆ ಬೆಲೆ ಹೇಳಿ ಏಳುತ್ತಾರೆ.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಬೇರೆಯೇ ಥರ. ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಕಿಟಕಿ ತೆರೆಯುತ್ತಿದ್ದರು. ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಿದ್ದರು. ಮಲಗುವ ಕೋಣೆಯಲ್ಲಿ ಒಂದು ನಿಮಿಷ ಸುಮ್ನೆ ನಿಂತು ರಸ್ತೆಯ ಸದ್ದು ಕೇಳುತ್ತಿದ್ದರು. ‘ಇಲ್ಲಿಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತೆ?’ ಅಂತ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಫೋಟೋ ಆ ಹೊತ್ತಿಗೇ ತೆಗೆಯಬೇಕಲ್ಲ. ಒಂದು ಮನೆಯಲ್ಲಿ ಬೀರುವಿನ ಮೇಲೆ, ಛಾವಣಿಯ ಮೂಲೆಯಲ್ಲಿ, ಅಂಗೈ ಅಗಲದ ಕಂದು ಕಲೆ ಇತ್ತು. ಮಾಲೀಕರು ಅದನ್ನು ಮರೆತೇ ಬಿಟ್ಟಿದ್ದರು. ಇವರು ಕುರ್ಚಿ ಎಳೆದು ಹತ್ತಿ, ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿದರು. ‘ಇದು ಹಳೇದಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ನೋಡಿಸಿ ಸರಿ ಮಾಡಿಸಿ. ಅಲ್ಲಿಯವರೆಗೆ ನಾನು ಫೋಟೋ ತೆಗೆಯಲ್ಲ. ಬಣ್ಣ ಬಳಿದು ಮುಚ್ಚಬೇಡಿ, ಕೊಳ್ಳುವವರು ಕರೆತರುವ ಎಂಜಿನಿಯರ್ ಕಂಡುಹಿಡಿದರೆ ಒಂದು ಕಲೆಗೆ ಇಡೀ ಮನೆ ಬೆಲೆ ಇಳಿಯುತ್ತೆ’ ಅಂದರು. ಮಾಲೀಕರ ಮುಖ ಬಾಡಿತು. ಆದರೆ ಮನೆ ಅವರಿಗೇ ಕೊಟ್ಟರು.

ಮೊದಲ ದಿನವೇ ನಿಮಗೆ ಹಿಡಿಸದ ಮಾತು ಹೇಳುವ ಎದೆಗಾರಿಕೆ ಇದ್ದವರು, ನಾಳೆ ಕೊಳ್ಳುವವರಿಗೂ ಹಿಡಿಸದ ಮಾತು ಹೇಳಬಲ್ಲರು. ‘ಇಲ್ಲ, ಇದಕ್ಕಿಂತ ಕಡಿಮೆಗೆ ಆಗುವುದಿಲ್ಲ’ ಅನ್ನುವುದು ಅಂಥ ಮಾತೇ ಅಲ್ವಾ?

ಇನ್ನು ಕೇಳಬೇಕಾದ್ದು. ಕೊನೆಯ ಹತ್ತು ಮಾರಾಟದಲ್ಲಿ ಕೇಳಿದ ಬೆಲೆ ಎಷ್ಟು, ಹೋದ ಬೆಲೆ ಎಷ್ಟು, ಎಷ್ಟು ದಿನ ಹಿಡಿಯಿತು? ಮಾರಾಟ ಆಗದೇ ಉಳಿದ ಮನೆ ಯಾವುದು, ಯಾಕೆ? ಈ ಎರಡನೇ ಪ್ರಶ್ನೆಗೆ ‘ಅಂಥದ್ದು ಒಂದೂ ಇಲ್ಲ’ ಅಂದರೆ ಒಂದೋ ಸುಳ್ಳು, ಇಲ್ಲವೇ ಎಲ್ಲವನ್ನೂ ಅಗ್ಗಕ್ಕೆ ಮಾರಿಸುತ್ತಾರೆ. ಫೋನ್ ಎತ್ತುವುದು, ಮನೆ ತೋರಿಸುವುದು ನೀವೇನಾ, ಸಹಾಯಕರಾ ಅಂತಲೂ ಕೇಳಿ. ದೊಡ್ಡ ಸಂಸ್ಥೆಗಳಲ್ಲಿ ಸಹಿ ಹಾಕಿಸಲು ಬರುವವರು ಒಬ್ಬರು, ಆಮೇಲೆ ಕಾಣುವವರು ಇನ್ನೊಬ್ಬರು. ನಿಮ್ಮಲ್ಲಿ ಏಜೆಂಟರಿಗೆ ಪರವಾನಗಿ ಅಥವಾ ನೋಂದಣಿ ಕಡ್ಡಾಯ ಇದ್ದರೆ ಅದರ ಸಂಖ್ಯೆ ಕೇಳಿ ಪಡೆದು, ನೀವೇ ಪರಿಶೀಲಿಸಿ. ಹಳೇ ಗ್ರಾಹಕರ ನಂಬರ್ ಕೊಟ್ಟರೆ ಒಂದೇ ಪ್ರಶ್ನೆ ಹಾಕಿ: ‘ಕೆಟ್ಟ ಸುದ್ದಿ ಇದ್ದಾಗ ಅವರೇ ಫೋನ್ ಮಾಡುತ್ತಿದ್ದರಾ, ನೀವೇ ಮಾಡಬೇಕಿತ್ತಾ?’

ಪ್ರಶ್ನೆ: ಕೊಟ್ಟು ಆರು ವಾರ ಆಯಿತು. ನೋಡಲು ಬಂದವರು ಇಬ್ಬರೇ. ಏಜೆಂಟನ್ನು ಬದಲಿಸಲಾ?

ಉತ್ತರ: ಮೊದಲು ಕಾಯಿಲೆ ಯಾವುದು ನೋಡಿ. ಜಾಹೀರಾತು ನೋಡಿದವರು ಬಹಳ, ಮನೆಗೆ ಬಂದವರು ಕಡಿಮೆ ಅಂದರೆ ತೊಂದರೆ ಬೆಲೆಯದ್ದು ಅಥವಾ ಫೋಟೋದ್ದು. ಬಂದವರು ಬಹಳ, ಆಫರ್ ಇಲ್ಲ ಅಂದರೆ ಮನೆಯಲ್ಲೇ ಏನೋ ಇದೆ. ಜಾಹೀರಾತನ್ನೇ ಯಾರೂ ನೋಡಿಲ್ಲ ಅಂದರೆ ಏಜೆಂಟಿನ ತಪ್ಪು. ಈ ಮೂರು ಅಂಕಿ ಪ್ರತಿ ವಾರ ಬರೆದು ಕಳಿಸಿ ಅಂತ ಕೇಳಿ. ಎರಡು ವಾರ ಕಳಿಸದಿದ್ದರೆ ಕಾಗದ ಮೂಲಕ ನೋಟಿಸ್ ಕೊಟ್ಟು ಮುಗಿಸಿ. ಬಾಲದ ಪಟ್ಟಿ ಕೇಳಿ ಪಡೆಯಲು ಮರೆಯಬೇಡಿ.

ಪ್ರಶ್ನೆ: ಏಜೆಂಟೇ ಇಲ್ಲದೆ ನಾವೇ ಮಾರಿದರೆ?

ಉತ್ತರ: ಧಾರಾಳವಾಗಿ. ಕೊಳ್ಳುವವರು ಈಗಾಗಲೇ ಗೊತ್ತಿದ್ದರೆ ವಕೀಲರು ಸಾಕು. ಗೊತ್ತಿಲ್ಲದಿದ್ದರೆ, ಕೆಲಸದ ಮಧ್ಯೆ ದಿನಕ್ಕೆ ಹತ್ತು ಫೋನ್ ಎತ್ತುವ ತಾಳ್ಮೆ ಇದೆಯಾ, ‘ನಿಮ್ಮ ಅಡುಗೆಮನೆ ಚಿಕ್ಕದು’ ಅಂತ ಮುಖದ ಮೇಲೆ ಹೇಳಿದರೆ ಸಿಟ್ಟು ಬರುವುದಿಲ್ಲವಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನನಗೆ ಬರುತ್ತದೆ. ನನ್ನ ಸ್ವಂತ ಮನೆಯನ್ನು ಇನ್ನೊಬ್ಬ ಏಜೆಂಟಿಗೆ ಕೊಟ್ಟೇ ಮಾರಿದೆ.

ಮೊದಲ ಪ್ರಶ್ನೆ ಕೇಳಿದ ಸದಸ್ಯರು: ನೀವು ಹೇಳಿದ ಹಾಗೆ ಇನ್ನಿಬ್ಬರನ್ನು ಕರೆಸಿದೆವು, ಬಾಯಿ ಬಿಡಲಿಲ್ಲ. ಒಬ್ಬರು 103 ಅಂದರು, ಇನ್ನೊಬ್ಬರು 101. 120ರವರಿಗೆ ಫೋನ್ ಮಾಡಿ, ಅಂಕಿ ಎಲ್ಲಿಂದ ಬಂತು ತೋರಿಸಿ ಅಂದೆ. ಆಮೇಲೆ ಕಳಿಸುತ್ತೇನೆ ಅಂದವರು ಇವತ್ತಿನವರೆಗೂ ಕಳಿಸಿಲ್ಲ. 101ರವರು ಬಂದವರೇ ಬಚ್ಚಲ ಬಾಗಿಲು ಕೆಳಗೆ ಕೊಳೆತಿದೆ ಅಂತ ಬಗ್ಗಿ ತೋರಿಸಿದರು. ಹನ್ನೊಂದು ವರ್ಷದಿಂದ ಇದ್ದೇವೆ, ನಾವೇ ನೋಡಿರಲಿಲ್ಲ! ಕಮಿಷನ್ ಕಡಿಮೆ ಮಾಡಿ ಅಂದದ್ದಕ್ಕೆ ಮುಕ್ಕಾಲು ಗಂಟೆ ವಾದ ಮಾಡಿದರು, ಕೂದಲೆಳೆಯಷ್ಟು ಇಳಿದರು. ಮೂರು ತಿಂಗಳಿಗೆ ಸಹಿ ಹಾಕಿದ್ದೇವೆ, ಬಾಲ ಎರಡು ತಿಂಗಳು.

ಉತ್ತರ: ಬಾಗಿಲು ಬದಲಾಯಿಸಿದಿರಾ?

ಅದೇ ಸದಸ್ಯರು: ನಾಳೆ ಬಡಗಿ ಬರುತ್ತಾರೆ. ಫೋಟೋ ನಾಡಿದ್ದು, ಬೆಳಿಗ್ಗೆ ಒಂಬತ್ತೂವರೆಗೆ. ಹಾಲ್‌ಗೆ ಬಿಸಿಲು ಬರುವ ಹೊತ್ತು ಅದೇ ಅಂತೆ.